ಕೂಸು ಹುಟ್ಟುವ ಮುನ್ನ

ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ತಿರ್ಲಾಪುರ ಎರೆಮಣ್ಣಿನ ಸೀಮೆಯ ಊರು. ಈ ಸೀಮೆಯ ಯಾವ ಹಳ್ಳಿಯಲ್ಲೇ ಆಗಲಿ, ಮನೆಯ ಮಗಳು ಚೊಚ್ಚಲ ಬಸುರಿ ಎಂಬ ಸುದ್ದಿ ಬಂದರೆ ಎರಡು ಮನೆಗಳಲ್ಲಿ ಒಟ್ಟಿಗೇ ಕೆಲಸ ಹತ್ತುತ್ತದೆ. ಅತ್ತೆಯ ಮನೆಯಲ್ಲಿ ಬಯಕೆಯ ಊಟ, ದಿನ ನೋಡುವುದು, ಬೀಗರಿಗೆ ಹೇಳಿ ಕಳುಹಿಸುವುದು. ತವರಿನಲ್ಲಿ ಹಳೆಯ ಇಳಕಲ್ಲ ಸೀರೆಗಳನ್ನು ಗಂಟಿನಿಂದ ತೆಗೆದು ತುಂಡು ಮಾಡಿ ಕೌದಿ ಹೊಲಿಯಲು ಕೂಡುವುದು. ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು. ಮುತ್ತೈದೆಯರು ಸೇರಿ ಉಡಿ ತುಂಬುತ್ತಾರೆ. ಲಿಂಗಾಯತ ಮನೆಗಳಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭದ ಕೂಸಿಗೇ ಲಿಂಗಧಾರಣೆ ಮಾಡಿಸುವ ಪದ್ಧತಿಯಿದೆ. ಏಳನೆಯ ತಿಂಗಳ ಶಾಸ್ತ್ರ ಮುಸ್ಲಿಂ ಮನೆಗಳಲ್ಲೂ ಉಂಟು. ಜಾತಿ ಬೇರೆಯಾದರೂ ಬಸುರಿಯನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸುವ ಸಡಗರ ಒಂದೇ.

ಬಾಣಂತನದ ಸಿದ್ಧತೆಯಂತೂ ಒಂದು ದೊಡ್ಡ ಶಾಸ್ತ್ರ. ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟಿದ ಅಂಟಿನ ಉಂಡಿ, ಹಾಲಿನಲ್ಲಿ ಕುದಿಸಿದ ಅಳವಿ ಪಾಯಸ, ಶುಂಠಿ, ಬಜೆ, ಎರೆಯಲು ಎಣ್ಣೆ, ಕಾಸಲು ಹೊರಸಿನ ಕೆಳಗೆ ಅಗ್ಗಿಷ್ಟಿಕೆ. ಹೆಸರಿಡುವ ದಿನ ತವರಿನಿಂದ ತೊಟ್ಟಿಲು ಬರಬೇಕು. ಅದೂ ಕಲಘಟಗಿಯ ತೊಟ್ಟಿಲಾದರೆ ಬೀಗರ ಮುಂದೆ ತಲೆ ಎತ್ತಿ ನಿಲ್ಲಬಹುದು. ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಕೃಷ್ಣಲೀಲೆಗಳ ಚಿತ್ರ ಬರೆದ ಆ ತೊಟ್ಟಿಲು ಒಂದು ಕೂಸಿಗೆ ಮುಗಿಯುವ ಸಾಮಾನಲ್ಲ. ಮೂರು ತಲೆಮಾರು ಅದರಲ್ಲಿ ಮಲಗಿ ಎದ್ದ ಮನೆಗಳಿವೆ.

ಇಷ್ಟೆಲ್ಲ ಸಿದ್ಧತೆಯನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕುಬಸ ಹೆರಿಗೆಗೆ ಮುಂಚಿನದು. ಉಂಡಿ, ಕೌದಿ, ತೊಟ್ಟಿಲು ಹೆರಿಗೆಯ ನಂತರದ್ದು. ಇವೆರಡರ ನಡುವೆ ಒಂದು ರಾತ್ರಿ ಇದೆ. ಆ ರಾತ್ರಿಗೆ ಏನು ಸಿದ್ಧವಾಗಿರಬೇಕು ಎಂಬುದನ್ನು ಮಾತ್ರ ಸಂಪ್ರದಾಯ ದೇವರ ಮೇಲೆ ಭಾರ ಹಾಕಿ ಬಿಟ್ಟುಬಿಟ್ಟಿತ್ತು. ಕನ್ನಡದ ಗಾದೆಯೂ ಆ ಕಡೆಗೇ ವಾಲುತ್ತದೆ. ಆತುರದವನನ್ನು ಹಾಸ್ಯ ಮಾಡಬೇಕಾದರೆ ‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ’ ಎನ್ನುತ್ತೇವೆ. ಹುಟ್ಟದ ಕೂಸಿಗೆ ಹೊಸ ಬಟ್ಟೆ ತರಬಾರದು, ಕೆಟ್ಟದ್ದನ್ನು ಬಾಯಿ ಬಿಟ್ಟು ಆಡಬಾರದು ಎಂಬ ಅಂಜಿಕೆ ಇಂದಿಗೂ ಇದೆ. ಹೆರಿಗೆಯಲ್ಲಿ ತಾಯಿ, ಮಗು ಉಳಿಯುತ್ತಾರೆಂಬ ಭರವಸೆ ಇಲ್ಲದ ಕಾಲದಲ್ಲಿ ಹುಟ್ಟಿದ ಅಂಜಿಕೆ ಅದು. ಅದನ್ನು ಮೂಢತನವೆಂದು ನಗುವ ಮೊದಲು ಆ ಕಾಲ ಎಂಥದಿತ್ತೆಂದು ತಿಳಿಯುವುದು ಒಳ್ಳೆಯದು.

ಸೂಲಗಿತ್ತಿಯ ಕೈ

ರಸ್ತೆ, ಆಸ್ಪತ್ರೆ ಇಲ್ಲದ ದಿನಗಳಲ್ಲಿ ಹಳ್ಳಿಯ ಆಸರೆ ಸೂಲಗಿತ್ತಿ. ಅವಳಿಗೆ ಪುಸ್ತಕದ ವಿದ್ಯೆ ಇರಲಿಲ್ಲ. ನೂರಾರು ಹೆರಿಗೆ ನೋಡಿದ ಕೈ ಇತ್ತು. ಹೊಟ್ಟೆಯ ಮೇಲೆ ಕೈಯಾಡಿಸಿ ಮಗುವಿನ ತಲೆ ಎಲ್ಲಿದೆ ಎಂದು ಹೇಳಬಲ್ಲವಳಾಗಿದ್ದಳು. ನೋವು ತಿನ್ನುವ ಹೆಣ್ಣಿನ ಬೆನ್ನು ತಿಕ್ಕುತ್ತ, ಧೈರ್ಯ ಹೇಳುತ್ತ ರಾತ್ರಿಯಿಡೀ ಕೂತಿರುತ್ತಿದ್ದಳು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಕಾಸು ಪಡೆಯದೆ ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎಂದು ಲೆಕ್ಕ ಹೇಳುತ್ತಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಹೆಸರಿಲ್ಲದೆ ಹೋದ ಸಾವಿರಾರು ಸೂಲಗಿತ್ತಿಯರಿಗೆ ಸಂದ ಗೌರವ ಅದು.

ಆದರೆ ಸೂಲಗಿತ್ತಿಯ ಕೈಗೆ ಮೀರಿದ ಸಂಗತಿಗಳೂ ಇದ್ದವು. ಮಗು ಅಡ್ಡಬಿದ್ದರೆ, ಮಾಸು ಒಳಗೇ ಉಳಿದರೆ, ರಕ್ತ ನಿಲ್ಲದಿದ್ದರೆ ಅವಳ ಬಳಿ ಉಪಾಯ ಹೆಚ್ಚಿರಲಿಲ್ಲ. ಇನ್ನು ಕಣ್ಣಿಗೆ ಕಾಣದ ಶತ್ರು ಸೋಂಕು. ಹೊಕ್ಕುಳಬಳ್ಳಿಯನ್ನು ಕುಡಗೋಲಿನಿಂದ ಕೊಯ್ದು ಅದರ ಮೇಲೆ ಬೂದಿಯನ್ನೋ ಸಗಣಿಯನ್ನೋ ಹಚ್ಚುವ ರೂಢಿ ದೇಶದ ಅನೇಕ ಕಡೆ ಇತ್ತು. ಅದರಿಂದ ವಾರದೊಳಗೆ ಕೂಸಿನ ದವಡೆ ಕಟ್ಟಿಕೊಂಡು, ಮೈ ಸೆಟೆದು, ಹಾಲು ಕುಡಿಯಲಾರದೆ ಹೋಗಿಬಿಡುತ್ತಿತ್ತು. ಅದಕ್ಕೆ ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ಕಾರಣ ಹೇಳುತ್ತಿದ್ದರು. ನಿಜವಾದ ಕಾರಣ ಮಣ್ಣಿನಲ್ಲಿರುವ ಧನುರ್ವಾಯುವಿನ ರೋಗಾಣು. ತಾಯಿಗೆ ಚುಚ್ಚುಮದ್ದು, ಶುದ್ಧವಾದ ಕೈ, ಶುದ್ಧವಾದ ಬ್ಲೇಡು, ಶುದ್ಧವಾದ ದಾರ ಇವಿಷ್ಟರಿಂದಲೇ ಈ ರೋಗ ಹಿಮ್ಮೆಟ್ಟಿತು. ಭಾರತದಲ್ಲಿ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನದ ಹಂತ ತಲುಪಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೃಢಪಡಿಸಿತು.

‘ಬಾಣಂತಿ ಸನ್ನಿ’ ಎಂಬ ಮಾತೂ ಹೀಗೆಯೇ. ಹೆರಿಗೆಯಾದ ಎರಡು ಮೂರು ದಿನಕ್ಕೆ ಜ್ವರ ಏರಿ ಬಡಬಡಿಸಿದರೆ ತಂಡಿ ಹೊಕ್ಕಿತು ಎಂದು ಬಾಗಿಲು, ಕಿಟಕಿ ಮುಚ್ಚಿ, ನೀರು ಕುಡಿಯಲು ಕೊಡದೆ, ಕೆಂಡ ಹೆಚ್ಚಿಸುತ್ತಿದ್ದರು. ಇಂಥ ಜ್ವರ ಹಳ್ಳಿಗಷ್ಟೇ ಸೇರಿದ್ದಲ್ಲ. ಯುರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಬಾಣಂತಿಯರು ಸಾಲಾಗಿ ಸಾಯುತ್ತಿದ್ದರು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿದ್ದ ವೈದ್ಯ ಸೆಮ್ಮೆಲ್‌ವೈಸ್, ಹೆರಿಗೆ ಕೋಣೆಗೆ ಬರುವ ಮುನ್ನ ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟುಮಾಡಿದ. ಸಾವು ಇಳಿಯಿತು. ಅವನ ಮಾತನ್ನು ಅಂದಿನ ಪಂಡಿತರು ಬಹುಕಾಲ ಒಪ್ಪಲಿಲ್ಲ. ಹಟ ತಿರ್ಲಾಪುರದ ಅಜ್ಜಿಗೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಜ್ಜಿಯ ಎಣಿಕೆ

ಹಾಗೆಂದು ಅಜ್ಜಿಯ ತಿಳಿವಳಿಕೆಯೆಲ್ಲ ತಪ್ಪೆಂದು ತಿಳಿಯಬೇಕಿಲ್ಲ. ‘ಒಂಬತ್ತು ತಿಂಗಳು ಒಂಬತ್ತು ದಿನ’ ಎಂಬ ಹಳೆಯ ಲೆಕ್ಕವನ್ನೇ ನೋಡಬಹುದು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ದಿನ ಸಿಗುತ್ತದೆ ಎನ್ನುವುದು ಜರ್ಮನಿಯ ವೈದ್ಯ ನೇಗೆಲೆಯ ಹೆಸರಿನ ಸೂತ್ರ. ಇಂದಿಗೂ ವೈದ್ಯರು ಬಳಸುವುದು ಅದನ್ನೇ. ಒಟ್ಟು 280 ದಿನ. ಅಜ್ಜಿಗೂ ನೇಗೆಲೆಗೂ ಇರುವ ಅಂತರ ಎರಡೇ ದಿನ.

ಆದರೆ ಈ ದಿನಾಂಕವನ್ನು ಮುಹೂರ್ತದಂತೆ ನಂಬಿ ಕೂಡುವಂತಿಲ್ಲ. ಸರಿಯಾಗಿ ಆ ದಿನವೇ ಹುಟ್ಟುವ ಕೂಸುಗಳು ನೂರರಲ್ಲಿ ನಾಲ್ಕೈದು ಮಾತ್ರ. ಉಳಿದವು ಹಿಂದೆ ಮುಂದೆ ಬರುತ್ತವೆ. ಆದ್ದರಿಂದ ಮೂವತ್ತಾರನೆಯ ವಾರ ತುಂಬುವ ಹೊತ್ತಿಗೆ, ಅಂದರೆ ಎಂಟು ತಿಂಗಳು ದಾಟುತ್ತಲೇ, ಎಲ್ಲ ಸಿದ್ಧವಿರಬೇಕು. ‘ಇನ್ನೂ ದಿನ ಐತಿ’ ಎಂಬ ಮಾತು ಅನೇಕ ಮನೆಗಳಲ್ಲಿ ಕಣ್ಣೀರು ತರಿಸಿದೆ.

ಮೂರು ತಡಗಳು

ಬಸುರಿಯ ಪ್ರಾಣ ಹೋಗುವುದು ರೋಗದಿಂದ ಎನ್ನುವುದು ಅರ್ಧ ಸತ್ಯ. ಇನ್ನರ್ಧ ಸತ್ಯ, ತಡವಾದುದರಿಂದ. 1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೋರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಈ ತಡವನ್ನು ಮೂರಾಗಿ ವಿಂಗಡಿಸಿ ತೋರಿಸಿದರು. ಮೊದಲನೆಯದು ಮನೆಯಲ್ಲಿ ನಿರ್ಧಾರ ಮಾಡುವ ತಡ. ಎರಡನೆಯದು ದಾರಿಯ ತಡ. ಮೂರನೆಯದು ಆಸ್ಪತ್ರೆ ಸೇರಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವ ತಡ. ಲೋಕದ ಯಾವ ಬಡ ಊರಿಗಾದರೂ ಈ ಲೆಕ್ಕ ಒಪ್ಪುತ್ತದೆ.

ನವಲಗುಂದದ ಸೀಮೆಗೆ ಇದನ್ನು ಹಚ್ಚಿ ನೋಡಬಹುದು. ನಡುರಾತ್ರಿ ನೀರೊಡೆಯಿತು. ಹೇಳಬೇಕಾದ ಹಿರಿಯ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದಾನೆ. ಗಂಡ ಬೇರೆ ಊರಿನಲ್ಲಿದ್ದಾನೆ. ಅತ್ತೆ ‘ನನಗೆ ಐದು ಮನೆಯಾಗೇ ಆದವು’ ಎನ್ನುತ್ತಾಳೆ. ನೋವು ತಿನ್ನುವವಳ ಮಾತನ್ನು ಯಾರೂ ಕೇಳುವುದಿಲ್ಲ. ಇದು ಮೊದಲ ತಡ. ಗಾಡಿ ಸಿಕ್ಕಿತು ಎನ್ನುವಷ್ಟರಲ್ಲಿ ಎರೆಯ ದಾರಿ. ಬೇಸಿಗೆಯಲ್ಲಿ ಕಲ್ಲಿನಂತೆ ಬಿರುಕು ಬಿಡುವ ಈ ಮಣ್ಣು ಮಳೆಗಾಲದಲ್ಲಿ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. 2019ರ ಆಗಸ್ಟ್‌ನಂಥ ಮಳೆಯಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿದರೆ ಡಾಂಬರು ರಸ್ತೆಯೂ ಕಡಿದುಹೋಗುತ್ತದೆ. ಇದು ಎರಡನೆಯ ತಡ. ಹೇಗೋ ತಾಲ್ಲೂಕು ಆಸ್ಪತ್ರೆ ಮುಟ್ಟಿದರೆ ರಕ್ತ ಬೇಕು ಅಥವಾ ಶಸ್ತ್ರಕ್ರಿಯೆ ಬೇಕು, ಹುಬ್ಬಳ್ಳಿಗೆ ಒಯ್ಯಿರಿ ಎನ್ನುವ ಸಂದರ್ಭ ಬರಬಹುದು. ನವಲಗುಂದದಿಂದ ಹುಬ್ಬಳ್ಳಿಗೆ ನಲವತ್ತು ಕಿಲೊಮೀಟರಿನ ಆಸುಪಾಸು. ಇದು ಮೂರನೆಯ ತಡ.

ಈ ಮೂರರಲ್ಲಿ ಎರಡನೆಯದನ್ನು ನೀಗಲು ಸರ್ಕಾರ ಕೆಲವು ದಾರಿ ಮಾಡಿದೆ. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ ನೆರವು ಧನ ನೀಡುವ ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂತು. ಹಳ್ಳಿಯ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯೂ ಆ ವರ್ಷದ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು. 2007ರಲ್ಲಿ ಆರಂಭವಾದ ‘ಮಡಿಲು’ ಬಡ ಬಾಣಂತಿಯರಿಗೆ ಸೊಳ್ಳೆಪರದೆ, ಸಾಬೂನು, ಕೂಸಿನ ಬಟ್ಟೆಗಳ ಗಂಟನ್ನು ಕೊಟ್ಟಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಪುಕ್ಕಟೆ.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುವ ಹೆರಿಗೆಗಳು 2005-06ರಲ್ಲಿ ನೂರಕ್ಕೆ 64.7 ಇದ್ದದ್ದು 2019-20ರ ಹೊತ್ತಿಗೆ 97ಕ್ಕೆ ಏರಿದವು. ಲಕ್ಷ ಹೆರಿಗೆಗೆ ಸಾಯುವ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇತ್ತು, 2018-20ರಲ್ಲಿ 69. ಇಳಿಕೆ ದೊಡ್ಡದು. ಆದರೂ ಅದೇ 2018-20ರಲ್ಲಿ ಕೇರಳದ ಸಂಖ್ಯೆ 19, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ಕರ್ನಾಟಕವೇ ಹಿಂದೆ. ಆಸ್ಪತ್ರೆಯ ಬಾಗಿಲು ಮುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂದೇ ಇದರ ಅರ್ಥ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ನಾಡು ಈ ಮಾತನ್ನು ಮತ್ತೆ ಕಲಿಯಬೇಕಾಯಿತು.

ರಕ್ತದ ಲೆಕ್ಕ

ಹೆರಿಗೆಯಲ್ಲಿ ತಾಯಿಯ ಪ್ರಾಣ ತೆಗೆಯುವ ಕಾರಣಗಳಲ್ಲಿ ಮುಂದಿರುವುದು ರಕ್ತಸ್ರಾವ. ಮಗು ಹೊರಬಂದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಬೇಕು. ಬಿಗಿಯದಿದ್ದರೆ ಮಾಸು ಬಿಟ್ಟ ಜಾಗದಿಂದ ರಕ್ತ ಹರಿಯುತ್ತಲೇ ಇರುತ್ತದೆ. ಚಿಕಿತ್ಸೆ ಇಲ್ಲವಾದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಇದಕ್ಕೆ ಉಪಾಯ ಹುಡುಕುವ ಕೆಲಸದಲ್ಲಿ ಕನ್ನಡನಾಡಿನ ಹಳ್ಳಿಗಳ ಪಾಲೂ ಇದೆ. ಧಾರವಾಡದ ನೆರೆಯ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರೊಡನೆ ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಸಿತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸಿದ ದಾದಿಯರು ಅವರಲ್ಲಿ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಹೆಚ್ಚು ರಕ್ತ ಹೋದವರು ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12, ಔಷಧ ಪಡೆದವರಲ್ಲಿ 6.4. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ಕಣ್ಣು ತೆರೆಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕಾಗಿ ಈ ಗುಳಿಗೆಯನ್ನು ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿಕೊಂಡಿತು.

ಆದರೆ ಹರಿದುಹೋಗುವ ರಕ್ತದಷ್ಟೇ ಮುಖ್ಯ, ಮೈಯಲ್ಲಿ ಮೊದಲು ಎಷ್ಟಿತ್ತು ಎಂಬುದು. ಮೈತುಂಬ ರಕ್ತವಿದ್ದ ಹೆಣ್ಣು ಅರ್ಧ ಲೀಟರ್ ಹೋದರೂ ತಡೆದುಕೊಂಡಾಳು. ಮೊದಲೇ ಬಿಳಿಚಿಕೊಂಡವಳು ತಡೆಯಲಾರಳು. ಬಸುರಿಯ ಹಿಮೊಗ್ಲೊಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಅಪಾಯ. 2019-20ರ ಸಮೀಕ್ಷೆಯಲ್ಲಿ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ರಕ್ತಹೀನರು. ಅದಕ್ಕೆ ಮುಂಚಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಸ್ಪತ್ರೆಗೆ ಹೋಗುವವರು ಹೆಚ್ಚಿದರು, ತಟ್ಟೆಯಲ್ಲಿರುವುದು ಮಾತ್ರ ಬದಲಾಗಲಿಲ್ಲ.

ಇಲ್ಲಿ ಸಂಪ್ರದಾಯವನ್ನು ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಅಂಟಿನ ಉಂಡಿಯೂ ಅಳವಿಯೂ ಹೆರಿಗೆಯ ನಂತರ ಬರುತ್ತವೆ. ಹೆರಿಗೆಯ ಮುಂಚೆ ಮಾತ್ರ ‘ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ’ ಎಂದು ಕೈ ಹಿಡಿಯುವ ಮನೆಗಳಿವೆ. ಬಯಕೆಯ ಒಂದು ದಿನ ಹನ್ನೆರಡು ಬಗೆ ಬಡಿಸಿ, ಉಳಿದ ದಿನ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣಿಸುವ ಮನೆಗಳೂ ಇವೆ. ಜೋಳದ ರೊಟ್ಟಿ, ಹೆಸರುಬೇಳೆ, ಕಡಲೆ, ಹಕ್ಕರಿಕೆ, ಮೆಂತ್ಯದ ಪಲ್ಲೆ, ಶೇಂಗಾ, ಬೆಲ್ಲ ಈ ಸೀಮೆಯ ಹೊಲದಲ್ಲೇ ಅಂಗಡಿಯಲ್ಲೇ ಸಿಗುತ್ತವೆ. ಇವನ್ನು ಬಸುರಿಗೆ ಮೊದಲು ಬಡಿಸುವುದೇ ದೊಡ್ಡ ಚಿಕಿತ್ಸೆ. ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಎಂಬ ಹೆಸರಿನಲ್ಲಿ ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ ಆರಂಭಿಸಿದ್ದರ ಹಿಂದೆಯೂ ಇದೇ ವಿಚಾರವಿತ್ತು. ಇದರ ಜೊತೆಗೆ ದಿನಕ್ಕೊಂದರಂತೆ ಕಬ್ಬಿಣಾಂಶದ ಗುಳಿಗೆಯನ್ನು ಕನಿಷ್ಠ ಆರು ತಿಂಗಳು ನುಂಗಬೇಕು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಗುಳಿಗೆಯನ್ನು ಹಿತ್ತಲಿಗೆ ಎಸೆಯುವವರು ಬಹಳ. ಊಟದ ನಂತರ ನುಂಗಿದರೆ ತೊಳಸು ಕಡಿಮೆ. ಮಲ ಕಪ್ಪಾಗುವುದರಿಂದ ಕೇಡಿಲ್ಲ. ಗುಳಿಗೆಯ ಹಿಂದೆಯೇ ಚಹಾ ಕುಡಿದರೆ ಮಾತ್ರ ಅದರ ಗುಣ ಬಹುಪಾಲು ವ್ಯರ್ಥ.

ಕುಬಸದ ದಿನದ ಇನ್ನೊಂದು ಶಾಸ್ತ್ರ

ನೂರು ಬಸುರಿಯರಲ್ಲಿ ಸುಮಾರು ಹದಿನೈದು ಮಂದಿಗೆ ಏನಾದರೊಂದು ತೊಡಕು ಬರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆ ಹದಿನೈದು ಮಂದಿ ಯಾರೆಂದು ಮೊದಲೇ ಪೂರ್ತಿ ಹೇಳಲು ಬಾರದು. ಹಾಗಾಗಿ ನೂರು ಮಂದಿಯೂ ಸಿದ್ಧವಿರಬೇಕು. ಈ ಸಿದ್ಧತೆಗೆ ಕುಬಸಕ್ಕಿಂತ ಒಳ್ಳೆಯ ದಿನ ಬೇರೆ ಸಿಗದು. ಎರಡೂ ಮನೆಯ ಹಿರಿಯರು ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ. ಉಡಿ ತುಂಬಿದ ಮೇಲೆ, ಊಟಕ್ಕೆ ಏಳುವ ಮುನ್ನ, ಕಾಲು ಗಂಟೆ ಸಾಕು.

ಹೆರಿಗೆ ಯಾವ ಆಸ್ಪತ್ರೆಯಲ್ಲಿ? ಅಲ್ಲಿ ಆಗದಿದ್ದರೆ ಮುಂದಿನ ಆಸ್ಪತ್ರೆ ಯಾವುದು? 108 ಬರುವುದು ತಡವಾದರೆ ಯಾರ ಗಾಡಿ, ಅವನ ಫೋನ್ ನಂಬರು ಗೋಡೆಯ ಮೇಲೆ ಬರೆದಿದೆಯೇ? ಮಳೆಗಾಲವಾದರೆ ಹಳ್ಳ ತುಂಬುವ ಮುನ್ನವೇ ಆಚೆ ದಂಡೆಯ ನೆಂಟರ ಮನೆಗೆ ಒಯ್ಯಬೇಕೇ? ಬಸುರಿಯ ರಕ್ತದ ಗುಂಪು ಯಾವುದು, ರಕ್ತ ಕೊಡಲು ಸಿದ್ಧರಿರುವ ಇಬ್ಬರು ಯಾರು? ಕೈಯಲ್ಲಿ ಎಷ್ಟು ಹಣ ತೆಗೆದಿಡಬೇಕು? ಎಲ್ಲಕ್ಕಿಂತ ಮುಖ್ಯ, ಹಿರಿಯರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ‘ಹೊರಡೋಣ’ ಎನ್ನುವ ಅಧಿಕಾರ ಯಾರಿಗೆ? ಆ ಅಧಿಕಾರ ಬಸುರಿಗೇ ಇರಲಿ ಎಂದು ಎಲ್ಲರೆದುರು ಒಪ್ಪಿದರೆ ಮೊದಲ ತಡ ಅಲ್ಲಿಗೇ ಅರ್ಧ ಹರಿಯಿತು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಲ್ಲಿ ಒಂದು ಜಾಣತನವಿದೆ. ದುಡಿತದಿಂದ ಬಿಡುವು, ತಾಯಿಯ ಆರೈಕೆ ಎರಡೂ ಸಿಗುತ್ತವೆ. ಅದರಲ್ಲೇ ಒಂದು ತೊಡಕೂ ಉಂಟು. ಏಳು ತಿಂಗಳು ಪರೀಕ್ಷೆ ಮಾಡಿದ ದಾದಿ ಒಂದೂರಿನಲ್ಲಿ, ಹೆರಿಗೆ ಇನ್ನೊಂದೂರಿನಲ್ಲಿ. ತಾಯಿ ಕಾರ್ಡ್, ರಕ್ತ ಪರೀಕ್ಷೆಯ ಚೀಟಿ, ಸ್ಕ್ಯಾನಿಂಗ್ ವರದಿ ಬಸುರಿಯ ಸೀರೆಯ ಗಂಟಿನಲ್ಲೇ ಹೋಗಬೇಕು. ತವರೂರಿನ ಆಶಾ ಕಾರ್ಯಕರ್ತೆಗೆ ಬಂದ ದಿನವೇ ಹೆಸರು ಹೇಳಬೇಕು. ಕನಿಷ್ಠ ನಾಲ್ಕು ಸಲವಾದರೂ ಪರೀಕ್ಷೆ ಆಗಲೇಬೇಕು. 2016ರಿಂದ ಪ್ರತಿ ತಿಂಗಳು 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ.

ದಿನ ತುಂಬುವವರೆಗೆ ಕಾಯಬಾರದ ಲಕ್ಷಣಗಳು ಕೆಲವಿವೆ. ರಕ್ತ ಕಾಣಿಸಿಕೊಳ್ಳುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಮುಖ, ಕೈ ಬಾತುಕೊಳ್ಳುವುದು, ಫಿಟ್ಸ್ ಬರುವುದು, ನೋವಿಲ್ಲದೆ ನೀರೊಡೆಯುವುದು, ಜ್ವರ, ಹೊಟ್ಟೆಯೊಳಗೆ ಕೂಸಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ, ಆಗಲೇ ಹೊರಡಬೇಕು. ಹಳ್ಳಿಯವರು ‘ನಂಜು’ ಎನ್ನುವುದು ಬಹುತೇಕ ಏರಿದ ರಕ್ತದೊತ್ತಡವೇ. ಅದಕ್ಕೆ ಕಾಲ ಕಳೆದಷ್ಟೂ ಕೇಡು.

ಸೂಲಗಿತ್ತಿ ಈಗ ಹೆರಿಗೆ ಮಾಡಿಸಬೇಕಿಲ್ಲ. ಆದರೆ ಅವಳ ಒಂದು ಕೆಲಸ ಯಂತ್ರಗಳಿಂದ ಆಗುವುದಿಲ್ಲ. ನೋವಿನ ಹೊತ್ತಿನಲ್ಲಿ ಪರಿಚಯದ ಹೆಂಗಸೊಬ್ಬಳು ಪಕ್ಕದಲ್ಲಿದ್ದರೆ ಹೆರಿಗೆ ಸಸಾರವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಅವಕಾಶವಿರಲಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಸೂಚಿಸಿತು. ಜೊತೆಗೆ ಹೋಗುವವಳು ಯಾರೆಂದೂ ಕುಬಸದ ದಿನವೇ ಗೊತ್ತುಮಾಡಬಹುದು. ಕೂಸು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದಂಥ ಮೊದಲ ಹಾಲನ್ನು ಹಿಂಡಿ ಚೆಲ್ಲದೆ ಕುಡಿಸಬೇಕೆಂಬ ಮಾತನ್ನೂ ಅವಳಿಗೇ ಒಪ್ಪಿಸಬಹುದು.

ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹೋಳಿಯ ದಿನಗಳಲ್ಲಿ ಸಂತಾನದ ಹರಕೆ ಹೊತ್ತು ಬರುವವರು ಸಾವಿರಾರು ಮಂದಿ. ಅಷ್ಟು ಬೇಡಿ ಪಡೆದ ಬಸಿರನ್ನು ಒಂದು ಗಾಡಿಯ ತಡಕ್ಕೆ, ಒಂದು ಬಾಟಲಿ ರಕ್ತದ ಕೊರತೆಗೆ ಕಳೆದುಕೊಳ್ಳುವಂತಾಗಬಾರದು. ಕುಲಾವಿ ಬೇಕಾದರೆ ಆಮೇಲೆ ಹೊಲಿಸಬಹುದು. ಕಲಘಟಗಿಯ ತೊಟ್ಟಿಲೂ ಹದಿಮೂರನೆಯ ದಿನಕ್ಕೆ ಬಂದರೆ ಸಾಕು. ಆಸ್ಪತ್ರೆಯ ದಾರಿ ಮಾತ್ರ ಕೂಸು ಹುಟ್ಟುವ ಮುನ್ನವೇ ಸಿದ್ಧವಿರಬೇಕು.